ಅಪ್ಪನ ಯೂನಿಯನ್ ಕೇಳಿದ ರಜೆ

ಟಣ ಟಣ ಟಣ ಎಂದು ಉಸಿರು ಬಿಡದೆ ಹೊಡೆಯುವ ಹಿತ್ತಾಳೆ ಗಂಟೆ. ತುಮಕೂರಿನ ಫೈರ್ ಸ್ಟೇಷನ್ ಹಿಂದಿನ ಕ್ವಾರ್ಟರ್ಸ್‌ನಲ್ಲಿ ಬೆಳೆದ ನನಗೆ ಎಪ್ಪತ್ತರ ದಶಕವೆಂದರೆ ಮೊದಲು ಕೇಳಿಸುವುದು ಅದೇ. ಅದು ಕೇಳಿದ್ದೇ ತಡ, ಫೈರ್‌ಮನ್ ಆಗಿದ್ದ ಅಪ್ಪ ಕೈಯಲ್ಲಿನ ತುತ್ತು ಬಿಟ್ಟು ಓಡುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿದ್ದರೆ ಗೊತ್ತಿರುತ್ತದೆ, ಊರಿಗೆಲ್ಲ ಬೇಕಾದವರು ಮನೆಯವರಿಗೆ ಎಷ್ಟು ತಲೆನೋವು ಎಂದು. ಹಗಲೂ ರಾತ್ರಿ ಡ್ಯೂಟಿ, ವಾರದ ರಜೆ ಎಂಬುದೇ ಇಲ್ಲ. ಹುಲಿಯೂರುದುರ್ಗದಲ್ಲಿ ಅಜ್ಜಿ ತೀರಿಕೊಂಡಾಗ ಅಪ್ಪ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಆ ತಿಂಗಳೇ, ಒದ್ದೆ ಹೋಸ್ ಪೈಪಿನ ಮುಗ್ಗಲು ವಾಸನೆ ಬರುತ್ತಿದ್ದ ನಮ್ಮ ಜಗಲಿಯಲ್ಲಿ ಹನ್ನೊಂದು ಜನ ಕೂತು ಯೂನಿಯನ್ ಕಟ್ಟಿದರು. ಅಪ್ಪ ಸೆಕ್ರೆಟರಿ. ಬೇಡಿಕೆ ಒಂದೇ, ವಾರಕ್ಕೊಂದು ದಿನ ರಜೆ. ಕಾನ್ವೆಂಟ್ ಹುಡುಗಿಯಾದ್ದರಿಂದ ಮೆಮೊರಾಂಡಮ್ ಬರೆಯುವ ಕೆಲಸ ನನಗೆ. ಸಿಸ್ಟರ್ಸ್ ಕಲಿಸಿದ ‘ಹಂಬ್ಲಿ’, ಅಂದರೆ ವಿನಮ್ರವಾಗಿ, ಎಂಬ ಪದವನ್ನು ಡ್ರೈವರ್ ಬಷೀರ್ ಅಂಕಲ್ ಪ್ರತಿ ಸಲವೂ ಹೊಡೆದುಹಾಕಿಸುತ್ತಿದ್ದರು.

ಉತ್ತರ ಬರಲಿಲ್ಲ. ಒಂದು ಬೇಸಿಗೆಯಲ್ಲಿ ಸ್ಟೇಷನ್ ಮುಂದೆ ಶಾಮಿಯಾನ ಹಾಕಿ ಉಪವಾಸ ಕೂತರು. ಆದರೆ ಗಂಟೆ ಹೊಡೆದರೆ ಸ್ಟ್ರೈಕ್ ಬಿಟ್ಟು ಬೆಂಕಿಗೆ ಹೋಗಬೇಕೆಂದು ತಾವೇ ರೂಲ್ ಮಾಡಿಕೊಂಡಿದ್ದರು. ಆನೆಸ್ಟ್‌ಲಿ, ಇದೆಂಥ ಸ್ಟ್ರೈಕ್? ಮೂರನೆಯ ದಿನ ಗುಬ್ಬಿಯ ಹತ್ತಿರ ತೆಂಗಿನ ನಾರಿನ ರಾಶಿಗೆ ಬೆಂಕಿ ಬಿತ್ತು. ಖಾಲಿ ಹೊಟ್ಟೆಯಲ್ಲೇ ಹೋಗಿ ಆರಿಸಿ, ಸಂಜೆ ಮುಖವೆಲ್ಲ ಮಸಿಯಾಗಿ ಬಂದರು. ಡ್ಯೂಟಿ ಮಾಡಿದಿರಲ್ಲ, ಇನ್ನು ಸ್ಟ್ರೈಕ್ ಮುಗಿದಂತೆಯೇ ಎಂದರು ಸ್ಟೇಷನ್ನಿನ ಸಾಹೇಬರು. ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಅಪ್ಪ, ಅದೂ ನ್ಯಾಯವೇ ಎಂದು ತಲೆಯಾಡಿಸಿ, ಉಪವಾಸದ ದಿನ ಎಣಿಸುವ ಬೋರ್ಡಿನ ಮೇಲಿದ್ದ ‘ಮೂರನೇ ದಿನ’ ಒರೆಸಿ ‘ಒಂದನೇ ದಿನ’ ಎಂದು ಬರೆದರು.

ಅಮ್ಮ ಸೀದಾ ಶಾಮಿಯಾನದೊಳಗೇ ಬಂದಳು. “ಬೋರ್ಡಿಗೇನ್ರೀ, ಬರೆದಂಗೆ ಇರುತ್ತೆ. ನಿಮ್ಮ ಹೊಟ್ಟೆಗೆ ಯಾರು ಹೇಳ್ತಾರೆ?”

“ಗಂಟೆ ಹೊಡೀತು, ಹೋದ್ವಿ. ಹೋಗಿಲ್ಲ ಅನ್ನೋಕಾಗುತ್ತೇನೇ?” ಎಂದರು ಅಪ್ಪ.

ಬಷೀರ್ ಅಂಕಲ್ ಮಲಗಿದ್ದಲ್ಲಿಂದಲೇ, “ಅಕ್ಕಾ, ಇವ್ರನ್ನ ಸೆಕ್ರೆಟರಿ ಮಾಡಿದ್ದು ನಮ್ದೇ ತಪ್ಪು ಬುಡಿ,” ಎಂದರು. ನಗಲು ಯಾರಲ್ಲೂ ಶಕ್ತಿಯಿರಲಿಲ್ಲ.

ಎರಡನೇ ಎಣಿಕೆಯ ಐದನೇ ದಿನ ಆರ್ಡರ್ ಬಂತು. ಎಲ್ಲರಿಗೂ ವಾರದ ರಜೆ, ಜೊತೆಗೆ ಅಪ್ಪನಿಗೆ ಕುಣಿಗಲ್‌ಗೆ ಟ್ರಾನ್ಸ್‌ಫರ್. ನನ್ನ ಓದಿಗಾಗಿ ನಾನೂ ಅಮ್ಮನೂ ತುಮಕೂರಿನಲ್ಲೇ ಬಾಡಿಗೆ ಮನೆ ಹಿಡಿದೆವು. ಒಂದು ಭಾನುವಾರ, ಅಪ್ಪನ ರಜೆಯ ದಿನವೆಂದು, ನಾನೊಬ್ಬಳೇ ಬಸ್ ಹತ್ತಿ ಕುಣಿಗಲ್‌ಗೆ ಹೋದೆ. ನೋಡಿದರೆ ಅಪ್ಪ ಯೂನಿಫಾರ್ಮಿನಲ್ಲಿದ್ದಾರೆ. ಜೊತೆಯವನ ಹೆಂಡತಿಗೆ ಯಡಿಯೂರಿನಲ್ಲಿ ಹೆರಿಗೆಯಾಗಿದೆ, ನನ್ನ ರಜೆ ಅವನಿಗೆ ಕೊಟ್ಟೆ ಎಂದರು. ನನಗೆ ತಡೆಯಲಾಗಲಿಲ್ಲ. ಅಷ್ಟು ದಿನ ಹಸಿದದ್ದು ಇದಕ್ಕಾ ಎಂದು ಕೇಳಿಯೇಬಿಟ್ಟೆ.

“ಮುಂಚೆ ಕೊಡೋಕೂ ಇರ್ಲಿಲ್ಲ ಕಣಮ್ಮ,” ಎಂದರು.

ನನ್ನನ್ನು ಬಸ್ ಹತ್ತಿಸಲು ಹದಿನೈದು ನಿಮಿಷ ಪರ್ಮಿಷನ್ ಪಡೆದು ಸ್ಟ್ಯಾಂಡಿಗೆ ಬಂದಿದ್ದರು. ಸಿಟ್ಟಿನಲ್ಲಿ ನಾನು ಅವರಿಗೆ ಬೆನ್ನು ಮಾಡಿ ನಿಂತೆ. ಎರಡೇ ವಾರಕ್ಕೆ ಎದೆನೋವು ಬಂದು ಅಪ್ಪ ಹೋಗಿಬಿಡುತ್ತಾರೆಂದು ಯಾರಿಗೆ ಗೊತ್ತಿತ್ತು. ಅವರು ಗಡಿಯಾರ ನೋಡಿಕೊಂಡರು, ನನ್ನ ತಲೆ ಸವರಿದರು, ಬಸ್ ಸ್ಟ್ಯಾಂಡಿನ ಜನರ ನಡುವೆ ಸರಸರನೆ ನಡೆದುಹೋದರು. ನನ್ನ ಬಸ್ ಇನ್ನೂ ಬಂದಿರಲಿಲ್ಲ.