ಠಾಣೆಯಲ್ಲಿ ನಾನು ಕೇಳಿದ ಪ್ರಶ್ನೆ

ನಿಮ್ಮ ಹೆಂಡತಿಯ ವೀಸಾ ಬಗ್ಗೆ ಆ ಪೊಲೀಸಿನವನು ಕೇಳಲಿಲ್ಲ, ಬಸವರಾಜ್. ನಾನು ಕೇಳಿದೆ. ಇಷ್ಟು ವರ್ಷ ನೀವು ಶಾಪ ಹಾಕಿದ್ದೆಲ್ಲ ಅವನಿಗೆ ಹೋಯಿತು — ನಾನು ಎದುರಿಗೇ ನಿಂತು ನಿಮ್ಮ ತಟ್ಟೆಗೆ ಇನ್ನಷ್ಟು ಚಿತ್ರಾನ್ನ ಬಡಿಸುತ್ತಿದ್ದೆ.

ಬಸ್ ಸ್ಟಾಪಿನಲ್ಲಿ ಯಾರೋ ಇಬ್ಬರು ನಿಮ್ಮ ಶಾಂತಾಳ ತಾಳಿ ಕಿತ್ತುಕೊಂಡು ಓಡಿದ ದಿನ ಅದು. ನೀವು ಗ್ಯಾಸ್ ಸ್ಟೇಷನ್ನಿನ ಕೆಲಸದಲ್ಲಿದ್ದಿರಿ. ಅವಳಿಗೆ ಇಂಗ್ಲಿಷ್ ಬಾರದು, ಅಳುವುದೊಂದೇ. ಅವಳ ಮಾತು ಇಂಗ್ಲಿಷಿಗೆ ಹೇಳಲು ಠಾಣೆಯವರು ನನ್ನನ್ನು ಕರೆಸಿದರು. ನಾನಾಗ ಟೌನಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ, ಎಲ್ಲರ ಪರಿಚಯವಿತ್ತು, ಬಾಯಿಯೂ ಜೋರು.

ಆ ಪೊಲೀಸಿನವನು ಅವಳಿಗೆ ನೀರು ಕೊಟ್ಟ. ಕಳ್ಳರು ಹೇಗಿದ್ದರು, ಯಾವ ಕಡೆ ಓಡಿದರು ಎಂದು ಕೇಳಿ ಟೈಪ್ ಮಾಡಲು ಕೂತ. ನಾನು ಸುಮ್ಮನಿರಬಾರದಿತ್ತೇ? ಇಲ್ಲಿ ನಮ್ಮವರು ಸಿಕ್ಕರೆ ಮೊದಲು ಕೇಳುವುದೇ ಅದಲ್ಲವೇ — ಯಾವ ಊರು, ಯಾವಾಗ ಬಂದಿರಿ, ಗ್ರೀನ್ ಕಾರ್ಡ್ ಆಯಿತೇ. ಯಾರದೋ ಮನೆಯ ಹಬ್ಬದೂಟದಲ್ಲಿ ಕೇಳಿದ ಹಾಗೆ ಅಲ್ಲೂ ಕೇಳಿಬಿಟ್ಟೆ.

"ನೀವು ಯಾವಾಗ ಬಂದ್ರಿ? ವೀಸಾ ಎಲ್ಲಾ ಸರಿ ಇದ್ಯಾ?"

"ಎಲ್ಲೀದ್ರೀ ಅಕ್ಕಾ, ವಿಸಿಟರ್ ವೀಸಾ ಮುಗದು ವರ್ಷಾತು. ಇವರ ಕಾರ್ಡ್ ಬರೂತನಕಾ ಹಿಂಗ ದಿನಾ ದೂಡೂದು."

ಅವನು ಟೈಪ್ ನಿಲ್ಲಿಸಿದ. "ವಾಟ್ ಡಿಡ್ ಶೀ ಸೇ?"

ಏನೋ ಊರಿನ ಸುದ್ದಿ, ಅನ್ನಬಹುದಿತ್ತು. ಅಷ್ಟು ಸಾಕಿತ್ತು. ಆದರೆ ನಾನು — ಒಂದು ಮಾತೂ ಬಿಡದೆ ಅಚ್ಚುಕಟ್ಟಾಗಿ ಇಂಗ್ಲಿಷಿಗೆ ತಂದುಕೊಟ್ಟೆ. ಇಂಗ್ಲಿಷಿನ ಜಂಭ ಇತ್ತು, ನಿಜ. ಇನ್ನೊಂದೂ ಇತ್ತು, ಹೇಳಲು ನಾಚಿಕೆ — ನಮ್ಮ ಪೇಪರ್ಸ್ ಎಲ್ಲ ಸರಿಯಾಗಿವೆ, ಇವಳದು ಹಾಗಲ್ಲ ಎಂಬ ಸಣ್ಣ ಸಮಾಧಾನ. ಛೀ! ಅವನು ಒಳಗೆ ಹೋಗಿ ಇಮಿಗ್ರೇಷನ್‌ನವರಿಗೆ ಫೋನ್ ಮಾಡಿದ. ತೆರೆದ ಬಾಗಿಲಿನಿಂದ ನನಗೆ ಕೇಳಿಸಿತು. ಕಳುವಿನ ದೂರು ಕೊಡಲು ಬಂದವಳನ್ನು ಅವರು ಬಂದು ಕರೆದೊಯ್ದರು. ಸ್ವಲ್ಪ ದಿನಕ್ಕೇ ವಿಮಾನ ಹತ್ತಿಸಿದರು. ಬಸುರಿ ಎಂದು ನನಗೆ ತಿಳಿದದ್ದು ಆಮೇಲೆ.

ಸುದ್ದಿ ಟೌನಿಗೆಲ್ಲ ಹಬ್ಬಿತು. ನಮ್ಮ ಪೊಲೀಸರು ವೀಸಾ ವಿಚಾರಕ್ಕೆ ಕೈ ಹಾಕಬಾರದು, ಹಾಗೊಂದು ನಿರ್ಣಯ ಬೇಕೆಂದು ಚರ್ಚಿನವರು. ಹಾಕಲೇಬೇಕೆಂದು ಇನ್ನು ಕೆಲವರು. ಟೌನ್ ಹಾಲಿನ ಸಭೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ನಮ್ಮವರಲ್ಲಿ ಎಷ್ಟೋ ಜನ, "ನಾವೆಲ್ಲಾ ಲೀಗಲ್ ಅಲ್ವಾ, ನಮಗ್ಯಾಕೆ ಈ ಉಸಾಬರಿ" ಎಂದು ಬರಲೇ ಇಲ್ಲ. ನಾನು ಹೋದೆ. ಏಕೆ ಹೋದೆನೋ — ಮನೆಯಲ್ಲಿ ಕೂರಲಾಗಲಿಲ್ಲ. ಪೊಲೀಸ್ ಮುಖ್ಯಸ್ಥ ಎದ್ದು, ನಮ್ಮ ಪೊಲೀಸರು ಯಾರ ವೀಸಾವನ್ನೂ ಕೇಳುವುದಿಲ್ಲ, ಇಮಿಗ್ರೇಷನ್‌ಗೆ ಫೋನ್ ಮಾಡುವುದಿಲ್ಲ ಎಂದ. ನೀವು ಕೆಲಸದ ಅಂಗಿಯಲ್ಲೇ ಎದ್ದು ನಿಂತಿರಿ. "ದೇ ಆಸ್ಕ್ಡ್ ಮೈ ವೈಫ್" ಎಂದಿರಿ. ಹಿಂದಿನಿಂದ ಯಾರೋ ಸುಳ್ಳ ಎಂಬರ್ಥದಲ್ಲಿ "ಲೈಯರ್" ಎಂದು ಕೂಗಿದರು. ಆಗ ನೀವು ನನ್ನ ಕಡೆ ತಿರುಗಿದಿರಿ.

"ಅಕ್ಕಾ, ನೀವು ಅಲ್ಲೇ ಇದ್ರಲ್ಲಾ. ಹೇಳ್ರೀ ಇವರಿಗೆ."

"ಐ ಡೋಂಟ್ ರಿಮೆಂಬರ್" ಎಂದೆ.

ಆ ಫೋನಿನ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಅದನ್ನು ಹೇಳಿದ್ದರೆ ಸಭೆ ಬೇರೆ ದಾರಿ ಹಿಡಿಯುತ್ತಿತ್ತೇನೋ. ಆದರೆ ಅದನ್ನು ಹೇಳಿದರೆ, ಫೋನ್ ಯಾಕೆ ಮಾಡಿದ ಎಂದು ಕೇಳುತ್ತಿದ್ದರು, ನನ್ನ ಪ್ರಶ್ನೆಯೂ ಹೊರಬರುತ್ತಿತ್ತು. ಅಷ್ಟು ಜನರೆದುರು — ಇಲ್ಲ, ನನ್ನಿಂದ ಆಗಲಿಲ್ಲ. ನಿರ್ಣಯ ಅಂದೇ ಬಿದ್ದುಹೋಯಿತು. ನೀವು ತಲೆ ತಗ್ಗಿಸಿ ಕೂತಿರಿ. ಹೊರಗೆ ಬಂದಾಗ ನನಗೇ ಸಮಾಧಾನ ಹೇಳಿದಿರಿ, "ಇರ್ಲಿ ಬಿಡ್ರೀ ಅಕ್ಕಾ, ಗಾಬರ್ಯಾಗ ಎಲ್ಲಿ ನೆನಪಿರತೈತಿ" ಎಂದು.

ಪೊಲೀಸರು ಕೇಳಿದರೆಂದು ಶಾಂತಾಳೇ ನಿಮಗೆ ಹೇಳಿದ್ದಂತೆ. ನನ್ನ ಮಾತನ್ನು ಅವನ ಮಾತೆಂದೇ ತಿಳಿದಳೋ — ಎಲ್ಲ ಗೊತ್ತಿದ್ದೂ ನನ್ನನ್ನು ಬಿಟ್ಟುಕೊಡಲಿಲ್ಲವೋ... ಅವಳನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಕಾರ್ಡ್ ಕೈಗೆ ಬರುವತನಕ ನೀವು ದೇಶ ಬಿಡುವ ಹಾಗಿರಲಿಲ್ಲ. ಬಂದ ಮೇಲೆ, ವಕೀಲರನ್ನು ಹಿಡಿದು ವಿಶೇಷ ಅನುಮತಿ ಪಡೆದು, ಅವಳನ್ನೂ, ನೀವು ಫೋಟೋದಲ್ಲಷ್ಟೇ ನೋಡಿದ್ದ ಮಗಳನ್ನೂ ಕರೆಸಿಕೊಂಡಿರಿ. ಏರ್‌ಪೋರ್ಟಿಗೆ ಡ್ರೈವ್ ಮಾಡಿಕೊಂಡು ಬಂದವಳು ನಾನೇ. ಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದ ಹುಡುಗಿ. ಕಾರಿನಲ್ಲಿ ನಿಮ್ಮ ತೋಳು ಮುಟ್ಟಿ, "ಕಾಕಾ, ನೀರು ಬೇಕ್ರೀ" ಎಂದಳು.

"ಏ, ಕಾಕಾ ಅಲ್ಲವ್ವಾ, ಅಪ್ಪಾ" ಎಂದಳು ಶಾಂತಾ. ನೀವು ಜೋರಾಗಿ ನಕ್ಕಿರಿ. ಆಮೇಲೆ ಮನೆ ಬರುವತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಿರಿ.

ಈ ಭಾನುವಾರ ಹ್ಯಾರಿಸನ್ ಊರಿನಲ್ಲಿರುವ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಿ, ಆದರೆ ನಾನು ಇದನ್ನೆಲ್ಲ ಎದುರಿಗೆ ಬಾಯಿಬಿಟ್ಟು ಹೇಳಿದ ಮೇಲೆ. ಮಗಳನ್ನು ಒಳಗೆ ಕಳಿಸಬೇಡಿ. ತನ್ನ ಅಪ್ಪನನ್ನು ಅವಳು ಯಾರೋ ಕಾಕಾ ಎಂದುಕೊಂಡದ್ದು ಯಾರಿಂದ ಎಂದು ಅವಳಿಗೂ ಗೊತ್ತಾಗಲಿ.