ಬೇಯದ ಕರಿಮಣಿ

ಇವತ್ತು ಬೆಳಿಗ್ಗೆ ಕಾಫಿ ಗಿಡಗಳಿಗೆಂದು ತಂದ ಫಾಸ್ಫೇಟ್ ಗೊಬ್ಬರದ ಚೀಲ ಬಿಚ್ಚಿದೆ. ಅದರ ವಾಸನೆ ಮೂಗಿಗೆ ಬಿದ್ದದ್ದೇ ತಡ, ಪಕ್ಕದಲ್ಲಿದ್ದ ಹೆಂಡತಿ ಶಾರದೆ ನಕ್ಕಳು. ಯಾಕೆ ಅಂತೀರಾ? ಹೇಳುತ್ತೇನೆ, ಮರ್ಯಾದೆ ಹೋಗುವುದು ನನ್ನದೇ ತಾನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕೊಡ್ಲಿಪೇಟೆಯಲ್ಲಿ ನಾನು ಹೊಸ ವಿಜ್ಞಾನದ ಮೇಷ್ಟ್ರು, ಮನೆಯಲ್ಲಿ ಹೊಸ ಗಂಡ. ಎರಡರಲ್ಲೂ ಜಂಬ ಜಾಸ್ತಿ, ಅನುಭವ ಕಡಿಮೆ. ಶಾರದೆ ಆಷಾಢಕ್ಕೆ ಚೆಟ್ಟಳ್ಳಿಯ ತವರಿಗೆ ಹೊರಡಲು ನಾಲ್ಕೇ ದಿನವಿದ್ದಾಗ, ನನ್ನ ಕೈ ತಗುಲಿ ಅವಳ ತಾಳಿಯ ಪಕ್ಕದ ದಪ್ಪ ಕರಿಮಣಿ ಒಡೆಯಿತು. ಮಣಿ ಮಾರುವವನು ಮಳೆ ಮುಗಿಯದೆ ಬರುವವನಲ್ಲ. ನನ್ನ ಅತ್ತೆಯೋ, ಮಗಳ ಮುಖಕ್ಕಿಂತ ಮೊದಲು ಕೊರಳು ನೋಡುವ ಹೆಂಗಸು.

"ಅವ್ವ ನೋಡಿದ್ರೆ ಅಪಶಕುನ ಅಂತ ಅತ್ತುಬಿಡ್ತಾಳೆ ಕಣ್ರೀ."

"ಕಪ್ಪು ಗಾಜು ತಾನೆ? ನಾನೇ ಮಾಡಿಕೊಡ್ತೀನಿ ಬಿಡು!"

ಫಾಸ್ಫೇಟಿಗೆ ಕಬ್ಬಿಣ ಬೆರೆಸಿ ಕರಗಿಸಿದರೆ ಕಪ್ಪು ಗಾಜಾಗುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಫಾಸ್ಫೇಟ್ ಗೊಬ್ಬರ, ಕಬ್ಬಿಣದ ತುಕ್ಕು ಎರಡನ್ನೂ ಅರೆದು ಊರ ಕಮ್ಮಾರ ಕಾಳಾಚಾರಿಯ ಕುಲುಮೆಗೆ ಹೋದೆ. ಅಕ್ಕಸಾಲಿಗರ ಮೂಸೆಯಲ್ಲಿ ತುಂಬಿ ಕೆಂಡದ ಮೇಲಿಟ್ಟೆವು. ಎದ್ದ ಘಾಟಿಗೆ ತಿದಿ ಒತ್ತುತ್ತಿದ್ದ ಆಚಾರಿ ಕೆಮ್ಮಿ, "ಏನ್ ಮೇಷ್ಟ್ರೇ, ದೆವ್ವ ಓಡಿಸ್ತಿದ್ದೀರಾ?" ಎಂದ. ಮೂಸೆಯೊಳಗಿನದು ನೀರಾಗುತ್ತಲೇ ನಾನು ಸಾಕೆಂದೆ.

"ಕರಗೈತೆ ಅಷ್ಟೆ, ಬೆಂದಿಲ್ಲ. ಇನ್ನೂ ಕಾವು ಬೇಕು."

"ಗಾಜೇನು ಅನ್ನವೇ, ಆಚಾರ್ರೇ?"

ತಂತಿಗೆ ಸುತ್ತಿ ಮಣಿ ಮಾಡಿದೆವು. ಮಿರಮಿರ ಹೊಳೆಯಿತು. ಶಾರದೆ ಪೋಣಿಸಿಕೊಂಡು ಹೊರಟಳು. ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮೂರು ವಾರಕ್ಕೆ ಬಸ್ಸಿನಲ್ಲಿ ಆ ಮಣಿ ವಾಪಸು ಬಂತು, ಜೊತೆಗೆ ಅತ್ತೆ ಬರೆಸಿದ ಚೀಟಿ: "ಅಳಿಯಂದಿರೇ, ಬೆಲ್ಲದಲ್ಲಿ ಮಾಡಿಸಿದಿರಾ? ಅಂಟಿ ಅಂಟಿ ಮಗಳ ಕೊರಳು ಕೆಂಪಾಗಿದೆ."

ಕಡಿಮೆ ಕಾವಿನಲ್ಲಿ ಕಬ್ಬಿಣ ಪೂರ್ತಿ ಬೆರೆತಿರಲಿಲ್ಲ. ಅದರ ಹಿಡಿತ ಸಿಗದ ಫಾಸ್ಫೇಟು ನಮ್ಮ ಮಳೆಗಾಲದ ತೇವವನ್ನೆಲ್ಲ ಹೀರಿ ಜಿಗುಟಾಗಿತ್ತು. ತಲೆ ತಗ್ಗಿಸಿ ಮತ್ತೆ ಕುಲುಮೆಗೆ ಹೋದೆ.

"ಈಗ ನಾನು ಹೇಳೋತನಕ ಬಾಯಿ ಬಿಡ್ಬೇಡಿ," ಎಂದ ಆಚಾರಿ. ಮೂಸೆ ನೋಡಲಾಗದಷ್ಟು ಬೆಳಗುವವರೆಗೆ ತಿದಿ ಒತ್ತಿದ. ಹೊಸ ಮಣಿಯನ್ನು ಸೂರಿನ ನೀರು ಬೀಳುವಲ್ಲಿ ವಾರವಿಡೀ ಇಟ್ಟೆ. ಮಂಕೂ ಆಗಲಿಲ್ಲ.

ಶ್ರಾವಣದಲ್ಲಿ ಶಾರದೆಯನ್ನು ಕರೆತರಲು ಹೋದಾಗ ಅತ್ತೆ ನನ್ನೆದುರೇ ಆ ಹೊಸ ಮಣಿಯನ್ನು ಹುಣಸೆ ನೀರಿಗೆ ಹಾಕಿದರು. ಮಾರನೇ ದಿನ ತೆಗೆದು, ಉಗುರಲ್ಲಿ ಕೆರೆದು, "ಇದಾದ್ರೆ ಮೊಮ್ಮಗಳ ಕಾಲಕ್ಕೂ ಆಯ್ತದೆ," ಎಂದರು. ನಾನು ಗೆದ್ದೆ.

ಹಾಗಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಇವತ್ತು ಶಾರದೆ ನಕ್ಕಾಗ ಸುಮ್ಮನೆ ಕೇಳಿದೆ: "ಅಲ್ವೇ, ಮೂರು ವಾರ ನಿಮ್ಮವ್ವನ ಕಣ್ಣಿಗೆ ಆ ಮೊದಲ ಮಣಿಯ ಜಿಗುಟು ಬೀಳದೆ ಹೇಗಿತ್ತು?"

"ಅವ್ವ ಏಳೋಕೆ ಮುಂಚೆ ದಿನಾ ಎದ್ದು ಬೂದಿಯಲ್ಲಿ ಒರೆಸಿ ಹಾಕ್ಕೊತಿದ್ದೆ. ಅಳಿಯ ದಡ್ಡ ಅಂತ ಅವಳಿಗ್ಯಾಕೆ ಗೊತ್ತಾಗ್ಬೇಕು? ಒಂದಿನ ನಿದ್ದೆ ಬಂದ್ಬಿಡ್ತು, ಸಿಕ್ಕಿಬಿದ್ದೆ."

"ಕೊರಳು ಉರೀತಿರಲಿಲ್ವಾ?"

"ಉರೀತಿತ್ತು."

ಒಳಗೆ ಹೋಗಿ, ಮದುವೆಯಾದ ಮೇಲೆ ಮೊದಲ ಸಲ, ಅವಳಿಗೆ ನಾನೇ ಕಾಫಿ ಮಾಡಿದೆ. ಚೆನ್ನಾಗಿರಲಿಲ್ಲ. ಅವಳು ಪೂರ್ತಿ ಕುಡಿದಳು.