ವಿಭೂತಿಯೊಳಗಿನ ಲಾವಂಚ

ತೊಂಬತ್ತರ ದಶಕದ ನಡುವಿನ ಮಾತು. ಗಂಡ ತೀರಿಕೊಂಡು ವರ್ಷ ತುಂಬುವುದರೊಳಗೆ ಅವರ ಬದಲಿಗೆ ನನಗೆ ತೊರಗಲ್ಲಿನ ಹೈಸ್ಕೂಲಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಆದೇಶದ ಕಾಗದದಲ್ಲಿ ‘ಅನುಕಂಪದ ಆಧಾರದ ಮೇಲೆ’ ಎಂದಿತ್ತು. ನನಗಾಗ ಇಪ್ಪತ್ತಾರು. ರಾಮದುರ್ಗದ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಮಾವ ಹೋಗಿ ಆಗಲೇ ಮೂವತ್ತು ವರ್ಷವಾಗಿತ್ತು.

ನಮ್ಮ ಮತದಲ್ಲಿ ವಿಧವೆ ಎಂದು ಯಾರನ್ನೂ ಬೇರೆ ಕೂರಿಸಿಲ್ಲ ಎಂದು ಮಠದ ಸ್ವಾಮಿಗಳು ಶ್ರಾವಣದ ಪ್ರವಚನದಲ್ಲಿ ಪ್ರತಿ ವರ್ಷ ಹೇಳುತ್ತಿದ್ದರು. ಓಣಿಯವರು ಪ್ರತಿ ವರ್ಷ ತಲೆದೂಗುತ್ತಿದ್ದರು. ಮನೆಗೆ ಬಂದಮೇಲೆ ಎಲ್ಲ ಇದ್ದ ಹಾಗೆಯೇ. ನನ್ನ ಹೂವು ಹೋಯಿತು, ಕುಂಕುಮ ಹೋಯಿತು, ಪೌಡರ್ ಡಬ್ಬಿ ಕಪಾಟಿನ ಹಿಂದಕ್ಕೆ ಸರಿಯಿತು. ಅತ್ತೆ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಅವರನ್ನು ನೋಡಿಯೇ ನಾನು ಎಲ್ಲ ತೆಗೆದಿಟ್ಟೆ. ಉಳಿದದ್ದು ವಿಭೂತಿ ಒಂದೇ.

ಹೂವು, ಕುಂಕುಮ ಹೋದದ್ದಕ್ಕೆ ನಾನು ಅಷ್ಟಾಗಿ ಅತ್ತಿಲ್ಲ. ವಾಸನೆ ಹೋದದ್ದಕ್ಕೆ ಮಾತ್ರ ಸಿಟ್ಟು ಬಂತು. ಸಾಲೆಯ ಆಫೀಸಿನಲ್ಲಿ ದಿನವಿಡೀ ಗೋಂದು, ಶಾಯಿ, ಇಲಿ ಓಡಾಡಿದ ಕಾಗದ. ಸಂಜೆ ಬಸ್ಸಿಳಿಯುವ ಹೊತ್ತಿಗೆ ನಾನೂ ಒಂದು ಹಳೆಯ ಫೈಲಿನ ಹಾಗೆ ನಾರುತ್ತಿದ್ದೆ. ಮೈಗೆ ಒಂದು ಒಳ್ಳೆಯ ವಾಸನೆ ಇರಬೇಕು, ಅದು ನನ್ನದೇ ಆಗಿರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಹಾಗೆಂದು ಅತ್ತರು ಪೂಸಿಕೊಂಡು ಓಣಿಯಲ್ಲಿ ನಡೆದುಹೋಗುವ ಹಾಗಿರಲಿಲ್ಲ. ನೆಪವಿರುವ ವಾಸನೆ ಬೇಕಿತ್ತು. ಲವಂಗ ಅಗಿದು ನೋಡಿದೆ. ಸಾಲೆಯ ಸಿಪಾಯಿ, “ಹಲ್ಲ ನೋಯಾಕ ಹತ್ತೈತೇನ್ರಿ ಅಕ್ಕೋರ?” ಎಂದು ಮೂರು ದಿನ ಬೆನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಪೂಜೆಗೆ ಕೂತು ವಿಭೂತಿ ಹಚ್ಚಿಕೊಳ್ಳುವಾಗ ಹೊಳೆಯಿತು. ಹಣೆ, ಕೊರಳು, ತೋಳು, ಮಣಿಕಟ್ಟು. ಅತ್ತರು ಹಚ್ಚುವವರು ಎಲ್ಲೆಲ್ಲಿ ಹಚ್ಚುತ್ತಾರೋ ಅಲ್ಲೆಲ್ಲ ನಾನು ದಿನಾ ವಿಭೂತಿ ಹಚ್ಚುತ್ತಿದ್ದೆ. ಯಾರೂ ಬೇಡ ಅನ್ನುವಂತಿರಲಿಲ್ಲ.

ತವರು ಬೈಲಹೊಂಗಲಕ್ಕೆ ಹೋಗುವಾಗ ಸವದತ್ತಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಬಸ್ ಸ್ಟ್ಯಾಂಡಿನ ಹೊರಗೆ ಒಬ್ಬ ಮುದುಕ ಕೈಗಾಡಿಯಲ್ಲಿ ಅತ್ತರು ಮಾರುತ್ತಿದ್ದ. ರಾಮದುರ್ಗದಲ್ಲಾದರೆ ಮುಖ ಗುರುತು ಹತ್ತುತ್ತದೆ, ಇಲ್ಲಿ ಆ ಭಯವಿರಲಿಲ್ಲ.

“ಯಾರಿಗ್ರಿ ಅಕ್ಕಾರ?” ಎಂದ.

“ದೇವರಿಗ್ರಿ.”

ಆತ ಕುಂಕುಮವಿಲ್ಲದ ನನ್ನ ಹಣೆ ನೋಡಿದ. ನಗಲಿಲ್ಲ. “ಹಂಗಾದ್ರ ದೇವರಿಗೆ ಯಾವುದು ಸೇರತೈತಿ, ನೋಡಿ ತಗೊರಿ,” ಎಂದು ಸೀಸೆಗಳನ್ನು ಮುಂದೆ ಸರಿಸಿದ.

ಮಲ್ಲಿಗೆ ತಂದೆ. ಅತ್ತೆ ರವಿವಾರ ಮಠಕ್ಕೆ ಹೋದಾಗ ವಿಭೂತಿಯ ಗಟ್ಟಿಯನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ನಾಲ್ಕು ಹನಿ ಅತ್ತರು ಬಿಟ್ಟು, ಮತ್ತೆ ಗಟ್ಟಿ ಕಟ್ಟಿ ನೆರಳಿನಲ್ಲಿ ಒಣಗಿಸಿದೆ. ಸೋಮವಾರ ಬಸ್ಸಿನಲ್ಲಿ ಪಕ್ಕದ ಹೆಂಗಸು, “ಯಾರೋ ಮಲ್ಲಿಗಿ ಮುಡದಾರ ನೋಡ್ರಿ, ಘಮ್ಮ ಅನ್ನಾಕ ಹತ್ತೈತಿ,” ಎಂದು ಬಸ್ಸಿನಲ್ಲಿದ್ದ ತುರುಬುಗಳನ್ನೆಲ್ಲ ನೋಡಿದಳು. ನನ್ನದನ್ನು ಮಾತ್ರ ನೋಡಲಿಲ್ಲ. ನಾನು ಕಿಟಕಿಯ ಕಡೆಗೆ ತಿರುಗಿ ಕೂತೆ. ಸಂಕಟವಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಗಂಧ. ಗಂಡನ ಹೆಣದ ತಲೆದೆಸೆಯಲ್ಲಿ ಹಚ್ಚಿದ್ದ ಊದುಬತ್ತಿ ಅದೇ ವಾಸನೆಯದು. ಎರಡೇ ದಿನಕ್ಕೆ ಆ ಗಟ್ಟಿಯನ್ನು ಮಲಪ್ರಭೆಗೆ ಬಿಟ್ಟೆ. ಗುಲಾಬಿ ಮದುವೆಮನೆಯಂತಿತ್ತು. ಕೇದಿಗೆ ನನಗೇ ತಲೆಸುತ್ತು ತಂದಿತು. ಹೀಗೆ ವರ್ಷವೇ ಹೋಯಿತು.

ಕೊನೆಗೆ ಮುದುಕ ತಾನೇ ಒಂದು ಹಸಿರು ಸೀಸೆ ಎತ್ತಿಕೊಟ್ಟ. ಲಾವಂಚ. ಸೀಸೆಯಲ್ಲಿ ಅಂಥಾದ್ದೇನೂ ಅನ್ನಿಸಲಿಲ್ಲ. ವಿಭೂತಿಯಲ್ಲಿ ಕೂಡಿ ಮೈಗೆ ಹತ್ತಿದ ಮೇಲೆ ಬೇರೆಯೇ ಆಯಿತು. ಸಗಣಿ ಸುಟ್ಟ ಬೂದಿಯ ಹೊಗೆ ಅಡಿಯಲ್ಲಿ ಉಳಿಯಿತು, ಬೇರಿನ ತಂಪು ಮೇಲೆ ನಿಂತಿತು. ಮಧ್ಯಾಹ್ನ ಹಾಜರಿ ಪುಸ್ತಕಕ್ಕೆ ಗೆರೆ ಹಾಕುವಾಗ ಮಣಿಕಟ್ಟಿನಿಂದ ಒಂದಿಷ್ಟು ಬಂತು. ಬರೆಯುವುದನ್ನು ನಿಲ್ಲಿಸಿ ಮೂಸಿದೆ. ಇದು ಇನ್ಯಾರಲ್ಲೂ ಇಲ್ಲ, ನನ್ನದು. ಭಾರೀ ಸಂತೋಷವಾಯಿತು. ಮುಂದೆ ನಾನು ಬೇರೆ ಯಾವ ವಾಸನೆಯನ್ನೂ ಹುಡುಕಲಿಲ್ಲ.

ಸಂತೋಷದ ಜೊತೆಗೇ ಹೆದರಿಕೆ. ಪೂಜೆಗೆ ಅತ್ತೆ ನನ್ನ ಮಗ್ಗುಲಲ್ಲೇ ಕೂರುತ್ತಿದ್ದರು, ಅವರ ಗಟ್ಟಿ ಬೇರೆ, ನನ್ನದು ಬೇರೆ. ದಿನಾ ಬೆಳಿಗ್ಗೆ ನಾನು ಲಿಂಗಕ್ಕಿಂತ ಹೆಚ್ಚಾಗಿ ಅವರ ಮೂಗನ್ನೇ ನೋಡುತ್ತಿದ್ದೆ. ಓಣಿಯವರ ಬಾಯಿಗೆ ನಾನು ಅಷ್ಟಾಗಿ ಹೆದರಿದವಳಲ್ಲ. ಅತ್ತೆ ಒಂದು ಸಲ ‘ಬ್ಯಾಡ’ ಅಂದರೆ ಮುಗಿಯಿತು, ಎದುರಾಡುವ ಎದೆ ನನಗಿರಲಿಲ್ಲ. ಅವರೋ ಬಾವಿಕಟ್ಟೆಯಲ್ಲಿ, “ನಮ್ಮ ಸೊಸಿ ಭಾಳ ಭಕ್ತಿವಂತಿ, ಮೈತುಂಬ ವಿಭೂತಿ ಹಚ್ಚತಾಳ,” ಎಂದು ಹೇಳಿಕೊಂಡು ಬರುತ್ತಿದ್ದರು. ಕೇಳಿ ನನಗೆ ನಗೆಯೂ ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಹೀಗೆ ಏಳೆಂಟು ವರ್ಷ ಕಳೆದವು. ಊರಿಗೆ ಮೊಬೈಲು ಬಂದಿತ್ತು, ನಾನು ಕನ್ನಡಕ ಹಾಕಿದ್ದೆ. ಒಂದು ಬೇಸಿಗೆ ತಮ್ಮನ ಮದುವೆಗೆ ಬೈಲಹೊಂಗಲಕ್ಕೆ ಹದಿನೈದು ದಿನ ಹೋದೆ. ಗಡಿಬಿಡಿಯಲ್ಲಿ ಗಟ್ಟಿಯನ್ನು ದೇವರ ಮಾಡದಲ್ಲೇ ಮರೆತಿದ್ದೆ. ಅಲ್ಲಿ ಅಂಗಡಿಯ ವಿಭೂತಿ ಹಚ್ಚಿಕೊಂಡು, ಯಾರದೋ ಸೀರೆ ಉಟ್ಟವಳ ಹಾಗೆ ಓಡಾಡಿದೆ.

ತಿರುಗಿ ಬಂದವಳು ಬಾಗಿಲಲ್ಲೇ ಚೀಲ ಇಳಿಸಿ ಅತ್ತೆಯ ಕಾಲಿಗೆ ಬಗ್ಗಿದೆ. ಅವರು ತಲೆಯ ಮೇಲೆ ಕೈ ಇಟ್ಟರು. ಆ ಕೈಯಿಂದ ಲಾವಂಚ ಬಂತು.

ಸಿಕ್ಕಿಬಿದ್ದೆ ಅಂದುಕೊಂಡೆ. ಒಳಗೆ ಹೋಗಿ ನೋಡಿದರೆ ನನ್ನ ಗಟ್ಟಿ ಅರ್ಧ ಸವೆದಿತ್ತು. ನಡುವೆ ಮೂರು ಬೆರಳಿನ ತಗ್ಗು. ಹೆದರಿಕೆ ಎಲ್ಲಿ ಹೋಯಿತೋ, ಸಿಟ್ಟು ನೆತ್ತಿಗೇರಿತು.

“ನನ್ನ ಗಟ್ಟಿ ಹಚ್ಚಿಕೊಂಡಿರೇನ್ರಿ?”

“ಹೂಂ.” ಅವರು ಬಾಗಿಲಿಗೆ ಒರಗಿ ನಿಂತಿದ್ದರು.

“ಅದರಾಗ ಏನ ಕೂಡಿಸೇನಿ ಗೊತ್ತೈತೇನ್ರಿ?”

“ಲಾವಂಚ. ನನಗೇನು ಮೂಗಿಲ್ಲೇನ?”

“ಯಾವಾಗಿಂದ ಗೊತ್ತೈತ್ರಿ?”

“ಮೊದಲ ಮಲ್ಲಿಗಿ ಇತ್ತಲ್ಲಾ, ಅವಾಗಿಂದ. ಅದು ನಿನಗ ಒಪ್ಪಿರಲಿಲ್ಲ ಬಿಡ.”

ಇಷ್ಟು ವರ್ಷ ನಾನು ಕಳ್ಳಿಯ ಹಾಗೆ ರವಿವಾರ ಕಾದದ್ದು, ಬೆಳಬೆಳಿಗ್ಗೆ ಇವರ ಮೂಗು ನೋಡಿಕೊಂಡು ಪೂಜೆ ಮಾಡಿದ್ದು, ಎಲ್ಲ ಒಟ್ಟಿಗೆ ನೆನಪಾಗಿ ದನಿ ಏರಿತು. “ಗೊತ್ತಿದ್ದೂ ಒಂದ್ ಮಾತ ಅನ್ನಲಿಲ್ಲಲ್ರಿ!”

“ಅಂದಿದ್ರ ನೀ ಬಿಡ್ತಿದ್ದಿ,” ಎಂದರು ಅತ್ತೆ. “ನನಗ ನಮ್ಮತ್ತಿ ಅಂದಿದ್ರು. ನಾ ಬಿಟ್ಟೆ.”

ಅವರು ಬಿಟ್ಟದ್ದು ಯಾವ ವಾಸನೆ ಎಂದು ಕೇಳಿದೆ.

ಅತ್ತೆ ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಿದರು, ಮತ್ತೆ ಇಳಿಸಿದರು.

“ನೆನಪಾಗವಲ್ದು ಬೇ,” ಎಂದರು.